ಎಲ್ಲ ಪತ್ರಗಳೂ ನೀಲಪ್ಪನಿಗೆ

ಗುರುವಾರ, 2 ನವೆಂಬರ್ 2006

ಸ್ವಸ್ತಿ! ಶ್ರೀಮನ್ಮಹಾ ದಿನಚರಿ ಸಾರ್ವಭೌಮರಿಗೆ, ಇನ್ನೂರು ಗೆರೆಪುಟಗಳ ಒಡೆಯರಿಗೆ, ಕೆಂಪು ರಟ್ಟಿನ ಕವಚ ತೊಟ್ಟು ಬೈಲಹೊಂಗಲ ಬಜಾರದ ಪುಸ್ತಕದಂಗಡಿಯಲ್ಲಿ ಅವತರಿಸಿ, ಕಡೆಗೆ ನನ್ನಂಥವನ ಕೈಗೆ ಸಿಕ್ಕಿ ಕರ್ಮ ಸವೆಸುತ್ತಿರುವ ತಮಗೆ, ಸಂಜು ಎಂಬ ಹೆಸರಿನ ಇಪ್ಪತ್ತೆರಡು ವರ್ಷದ ಈ ಸೇವಕನು ಸಾಷ್ಟಾಂಗವೆರಗಿ ಮಾಡುವ ಬಿನ್ನಹವೇನೆಂದರೆ:

ನನಗೆ ಕೆಲಸ ಸಿಕ್ಕಿದೆ.

ಗಾಬರಿಯಾಗಬೇಡಿ, ನವೆಂಬರ್ ಮುಗಿಯುವ ತನಕ ಮಾತ್ರ. ಡಿಸೆಂಬರ್ ಒಂದಕ್ಕೆ ಬೆಳಗಾವಿಯಲ್ಲಿ ಗೆಳೆಯನ ಮೊಬೈಲ್ ಅಂಗಡಿಯ ಗಾಜಿನ ಕೌಂಟರಿನ ಹಿಂದೆ ನನ್ನ ಪಟ್ಟಾಭಿಷೇಕ. ಅಲ್ಲಿಯವರೆಗೆ ಅರಳೆ ಅಂಗಡಿಯ ಮೇಲಿನ ಎರಡು ಕೋಣೆಗಳ ಸಾಮ್ರಾಜ್ಯ, ಅಂದರೆ ನೇತ್ರ ಸೇವಾ ಸಮಿತಿಯ ಕಚೇರಿ. ಈ ತಿಂಗಳ ಇಪ್ಪತ್ತೈದರಿಂದ ಮೂರು ದಿನ ಸವದತ್ತಿಯ ಕನ್ನಡ ಸಾಲಿಯೊಂದರಲ್ಲಿ ಕಣ್ಣಿನ ಪೊರೆ ತೆಗೆಯುವ ಶಿಬಿರ. ಹುಬ್ಬಳ್ಳಿಯ ಡಾಕ್ಟರು ಬಂದು, ಮುಗಿಸಿ, ಹೋಗಿಬಿಡುತ್ತಾರೆ. ಯಾರು ಯಾವ ದಿನ ಬರಬೇಕು, ಯಾವ ಕಣ್ಣು, ಎಂಬ ಪತ್ರವನ್ನು ಊರೂರಿಗೆ ಕಳಿಸುವುದು ನಮ್ಮ ಕೆಲಸ. ನನ್ನ ಪಾಲಿಗೆ ಅವರೆಲ್ಲ ಎರಡು ಜಾತಿ: ಎಡಗಣ್ಣುಗಳು ಮತ್ತು ಬಲಗಣ್ಣುಗಳು.

ಪತ್ರ ಬರೆಯುವುದು ಕಂಪ್ಯೂಟರು. ಒಂದು ಪತ್ರ, ಒಂದು ಪಟ್ಟಿ. ಪತ್ರದಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟರೆ ಯಂತ್ರ ತಾನೇ ಪಟ್ಟಿಯಿಂದ ಒಬ್ಬೊಬ್ಬರ ಹೆಸರು ಎತ್ತಿ ಕೂಡಿಸುತ್ತದೆ. ಇದಕ್ಕೆ ಮೇಲ್ ಮರ್ಜ್ ಎನ್ನುತ್ತಾರೆ. ಇದನ್ನು ಬಲ್ಲವನು ಈ ಸಾಮ್ರಾಜ್ಯದಲ್ಲಿ ನಾನೊಬ್ಬನೇ. ಮಹಾಮಂತ್ರಿ ಬಸವಣ್ಣೆಪ್ಪನವರು ಹೆಡ್ ಕ್ಲಾರ್ಕು. ಮಡಚುವ, ಅಂಟಿಸುವ ಖಾತೆ ಸಿದ್ದಲಿಂಗವ್ವನವರದು.

ಇವತ್ತಿನ ಸಾಧನೆ: ಬಸವಣ್ಣೆಪ್ಪನವರು ಕಂಪ್ಯೂಟರ್ ಹಚ್ಚಿದ ಕೂಡಲೇ ಪರದೆಯ ಮೇಲೆ ಒಂದು ಡಬ್ಬಿ ಮೂಡಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕೇಳಿತು: ‘ಕಂಪ್ಯೂಟರಿಗೆ ಹಸಿವಾಗೇತಿ. ಗಿರ್ಮಿಟ್ ತರಸಲಿ?’ ಕೆಳಗೆ ಯೆಸ್, ನೋ. ಪಾಪದ ಮನುಷ್ಯ ಯೆಸ್ ಒತ್ತಿದರು. ‘ಮಿರ್ಚಿನೂ ಬೇಕು?’ ಎಂದು ಕೇಳಿತು.

‘ಯವ್ವಾ ಸಿದ್ದಲಿಂಗವ್ವಾ, ಇದಕ್ಕ ಹಸಿವಿ ಆಗೇತಂತ ನೋಡಬಾ!’

‘ಅದಕ್ಕಲ್ರಿ ಹಸಿವಿ. ಆ ಮೂಲ್ಯಾಗ ನಗಾಕತ್ತಾನಲ್ಲ, ಆ ಮಂಗ್ಯಾಗ.’

‘ಸಾಹೇಬ್ರ, ಏನರೆ ಕೇಳಿದ್ರ ನೋ ಒತ್ರಿ, ಮುಗೀತು’ ಎಂದು ನಾನು ಅಭಯವಿತ್ತೆ. ಮಧ್ಯಾಹ್ನ ಗಿರ್ಮಿಟ್ ಖರೇನೇ ಬಂತು. ಬಸವಣ್ಣೆಪ್ಪನವರೇ ತರಿಸಿದ್ದು.


ಸೋಮವಾರ, 6 ನವೆಂಬರ್

ದಿನಚರಿ ಸಾರ್ವಭೌಮರಿಗೆ ಜಯವಾಗಲಿ.

ಇಂದು ನಮ್ಮ ಯಂತ್ರಕ್ಕೆ ಭದ್ರತೆಯ ದೀಕ್ಷೆ. ಸೈಬರ್ ಕೆಫೆಯ ಮಧು ಸೀಡಿ ತಂದು ಏನೇನೋ ಹೊಸದು ಹಾಕಿದ. ಕಳ್ಳರು, ವೈರಸ್ಸು ಒಳಗೆ ಬರದಂತೆ ಮಾಡುವ ಅಪ್‌ಡೇಟ್ ಅಂತೆ. ಬಸವಣ್ಣೆಪ್ಪನವರು, ‘ನಮ್ಮಲ್ಲಿ ಕಳುವು ಮಾಡೂವಂಥಾದ್ದು ಏನೈತೋ ಮಧೂ? ಮುದುಕರ ಕಣ್ಣಷ್ಟ ಅದಾವು’ ಎಂದರು. ಮಧು ನಕ್ಕು, ಯಂತ್ರವನ್ನು ಎರಡು ಸಲ ಮುಚ್ಚಿ ತೆಗೆದು, ಚಹಾ ಕುಡಿದು ಹೋದ. ನಾನು ಪತ್ರ ತೆರೆದು ನೋಡಲಿಲ್ಲ. ಶನಿವಾರವೇ ಪಟ್ಟಿಯಿಂದ ಒಬ್ಬನ ಹೆಸರು ಪತ್ರಕ್ಕೆ ಕೂಡಿಸಿ ಪರೀಕ್ಷೆ ಮಾಡಿ, ಹಾಗೆಯೇ ಉಳಿಸಿ ಮುಚ್ಚಿದ್ದೇನೆ. ಎರಡು ಸಲ ನೋಡುವುದು ಹೆದರುವವರ ಕೆಲಸ.


ಬುಧವಾರ, 8 ನವೆಂಬರ್

ಇಂದು ಪತ್ರ ಹೊರಡುವ ದಿನ. ಸೇವಕನು ಕಚೇರಿಗೆ ಹೋಗದೆ ಗೆಳೆಯನ ಬೈಕಿನ ಹಿಂದೆ ಕುಳಿತು ಕಿತ್ತೂರಿಗೆ ದಂಡಯಾತ್ರೆ ಮಾಡಿದನು. ಕೋಟೆಯಲ್ಲಿ ಕುಳಿತು ಶೇಂಗಾ ತಿಂದೆವು. ಸಂಜೆ ಕಚೇರಿಗೆ ಇಣುಕಿದರೆ ಎಲ್ಲ ಪತ್ರಗಳೂ ಪೋಸ್ಟಿಗೆ ಹೋಗಿಬಿಟ್ಟಿವೆ!

‘ನೀ ಇಲ್ಲದನ ಮಾಡಿದ್ನೆಪಾ’ ಎಂದರು ಬಸವಣ್ಣೆಪ್ಪನವರು, ಹೊಸ ಅಳಿಯನಂತೆ ಮಿಂಚುತ್ತ. ‘ಪಟಪಟ ಪ್ರಿಂಟ್ ಬಂದೂ. ಲಕೋಟೆ ಮ್ಯಾಲ ಎಲ್ಲಾ ಹೆಸರ ನಾನ ಕೈಲೆ ಬರದ್ನಿ. ಸಿದ್ದಲಿಂಗವ್ವ ಮಡಚಿ ಹಾಕಿದ್ಲು.’

ನಾನಿಲ್ಲದೆಯೂ ಸೂರ್ಯ ಹುಟ್ಟುತ್ತಾನೆ ಎಂದಾಯಿತು. ಸ್ವಲ್ಪ ಬೇಸರವೇ.


ಬುಧವಾರ, 15 ನವೆಂಬರ್

ಸಾರ್ವಭೌಮರೇ, ಇವತ್ತಿನದನ್ನು ಆದ ಹಾಗೆಯೇ ಬರೆಯುತ್ತೇನೆ.

ಬೆಳಿಗ್ಗೆ ಫೋನು ಬಂತು.

‘ಕಣ್ಣಿನ ಆಫೀಸೇನ್ರಿ?’

‘ಹೌದ್ರಿ. ಎಡಗಣ್ಣು, ಬಲಗಣ್ಣು, ಯಾವುದು ಬೇಕ್ರಿ?’

‘ನಾ ಸುರೇಬಾನದ ನೀಲಪ್ಪ ಮಾತಾಡೂದ್ರಿ. ನನ್ನ ಪತ್ರ ಬಂತ್ರಿ.’

‘ಚಲೋ ಆತು. ಇಪ್ಪತ್ತೈದಕ್ಕ ಬರ್ರಿ.’

‘ಬರತೇನ್ರಿ. ಆದ್ರ ಮತ್ತ ಬಂತ್ರಿ.’

‘ಏನು?’

‘ಪತ್ರಾರಿ. ಮತ್ತನೂ ಬಂತ್ರಿ. ಮಂದಿ ತಂದ ತಂದ ಕೊಡಾಕತ್ತಾರ. ಸಿರಸಂಗಿಯಿಂದ ಒಬ್ಬಾಕಿ ಮುದುಕಿ ಬಸ್ ಹಿಡಕೊಂಡ ಬಂದಿದ್ಲು. ಮುನವಳ್ಳಿಯಿಂದ ಇಬ್ರು. ನಿನ್ನೆ ಪೋಸ್ಟಮನ್ ಒಂದ ಗಂಟ ಕೊಟ್ಟು, ಏನ್ ನೀಲಪ್ಪಾ, ಇಲೆಕ್ಷನ್‌ಕ ನಿಂತೀ ಏನ ಅಂತ ಕೇಳಿದ. ಸಾಹೇಬ್ರ, ಒಂದ ಕಣ್ಣಿಗೆ ಇಷ್ಟ ಪತ್ರ ಯಾಕ್ರಿ? ಭಾಳ ಕೆಟ್ಟೈತೇನು?’

ನಾನು ನಕ್ಕೆ. ನಗುತ್ತಲೇ, ಉಳಿದಿದ್ದ ಕಚೇರಿಯ ಪ್ರತಿಯನ್ನು ತೆಗೆದು ನೋಡಿದೆ. ‘ಶ್ರೀ ನೀಲಪ್ಪ, ಸುರೇಬಾನ. ಎಡಗಣ್ಣು. 25.’ ನಗು ಅಲ್ಲಿಗೆ ನಿಂತಿತು. ನಾನು ಶನಿವಾರ ಪರೀಕ್ಷೆಗೆ ಕೂಡಿಸಿದ್ದ ಹೆಸರು ನೀಲಪ್ಪನದೇ.

ಲಕೋಟೆಯ ಮೇಲೆ ಒಬ್ಬೊಬ್ಬರ ಹೆಸರು. ಒಳಗೆ ಎಲ್ಲರಿಗೂ ನೀಲಪ್ಪನ ಪತ್ರ. ಜನ ಅದನ್ನು ಓದಿಸಿಕೊಂಡು, ಪಾಪ, ಯಾರದೋ ಪತ್ರ ನಮಗೆ ಬಂದಿದೆ, ಅವನ ಕಣ್ಣು ಹೋದೀತು ಎಂದು ಅವನಿಗೇ ಮುಟ್ಟಿಸುತ್ತಿದ್ದಾರೆ. ತಮ್ಮ ಪತ್ರ ಎಲ್ಲಿ ಎಂದು ಒಬ್ಬರೂ ಫೋನು ಮಾಡಿಲ್ಲ. ಶಿಬಿರಕ್ಕೆ ಹತ್ತು ದಿನ. ಆ ದಿನ ನೀಲಪ್ಪನೊಬ್ಬನೇ ಬಂದು ಕುಳಿತರೆ, ಉಳಿದವರ ಪೊರೆ ಇನ್ನೊಂದು ವರ್ಷ ಹಾಗೆಯೇ. ಡಾಕ್ಟರು ಮತ್ತೆ ಬರುವುದು ಮುಂದಿನ ಚಳಿಗಾಲಕ್ಕೆ.

ಸಿದ್ದಲಿಂಗವ್ವನವರನ್ನು ಕೇಳಿದೆ. ‘ಮಡಚೂ ಮುಂದ ಎಲ್ಲಾದ್ರಾಗೂ ಒಂದ ಹೆಸರ ಐತೆಂತ ಕಾಣಲಿಲ್ಲೇನ್ರಿ?’

ಅವರು ನೆಟ್ಟಗೆ ಕುಳಿತರು. ‘ನಮ್ಮಪ್ಪ ಮುನವಳ್ಳ್ಯಾಗ ಪೋಸ್ಟಮನ್ ಇದ್ದ. ಮಂದಿ ಪತ್ರ ಓದೂದು ಮಂದಿ ಮನಿ ಕಿಡಕ್ಯಾಗ ಇಣಿಕಿ ನೋಡಿದಂಗ ಅಂತಿದ್ದ. ನಾ ಮಡಚತೇನಿ. ಓದಂಗಿಲ್ಲ.’




ಗುರುವಾರ, 16 ನವೆಂಬರ್

ಮಧುವಿನಿಂದ ಕಾರಣ ಸಿಕ್ಕಿತು.

ಅಪ್‌ಡೇಟ್ ಆದಮೇಲೆ ಪತ್ರ ತೆರೆದರೆ ಯಂತ್ರ ಒಂದು ಪ್ರಶ್ನೆ ಕೇಳುತ್ತದೆ. ಉದ್ದ ಇಂಗ್ಲಿಷು. ಈ ಪತ್ರಕ್ಕೆ ಹೊರಗಿನ ಪಟ್ಟಿಯಿಂದ ಮಾಹಿತಿ ತರಬೇಕಾಗುತ್ತದೆ, ತರಲೇ, ಎಂದು. ಯೆಸ್ ಎಂದರೆ ಪಟ್ಟಿ ಬರುತ್ತದೆ. ನೋ ಎಂದರೆ ಪಟ್ಟಿಯ ಕೊಂಡಿ ಕಳಚಿ, ಕೊನೆಗೆ ಕೂಡಿಸಿದ್ದ ಹೆಸರು ಮಾತ್ರ ಪತ್ರದಲ್ಲಿ ಉಳಿಯುತ್ತದೆ.

‘ನೀವು ಏನ್ ಒತ್ತಿದ್ರಿ ಸಾಹೇಬ್ರ?’

‘ನೋ.’

‘ಯಾಕ್ರಿ?’

ಬಸವಣ್ಣೆಪ್ಪನವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ‘ನಿನ್ನ ಚ್ಯಾಷ್ಟಿ ಅಂತ ತಿಳದ್ನೆಪಾ. ಗಿರ್ಮಿಟ್ ಕೇಳಾಕತ್ತೇತಿ ಅನಿಸ್ತು. ನೀನ ಹೇಳಿದ್ಯಲ್ಲಾ, ಏನ್ ಕೇಳಿದ್ರೂ ನೋ ಅನ್ರಿ ಅಂತ. ಆಮ್ಯಾಲ ಮರ್ಜ್ ಗುಂಡಿ ಮಬ್ಬಾತು. ಪ್ರಿಂಟ್ ನನಗ ಗೊತ್ತಿತ್ತು. ಎಷ್ಟ ಪ್ರತಿ ಅಂತ ಕೇಳ್ತು. ಪಟ್ಟ್ಯಾಗ ಇದ್ದಷ್ಟ ಹಾಕಿದ್ನಿ. ಮ್ಯಾಲಿಂದೊಂದ ನೋಡಿದ್ನಿ, ಚಂದ ಬಂದಿತ್ತು.’

ಮಧ್ಯಾಹ್ನ ಸಮಿತಿಯ ಅಧ್ಯಕ್ಷರು ಬಂದು ಯಾರ ತಪ್ಪು ಎಂದು ಗುಡುಗಿದರು. ‘ನನ್ನ ಕೈಲೆ ಆತ್ರಿ, ವಯಸ್ಸಾತು’ ಎಂದರು ಬಸವಣ್ಣೆಪ್ಪನವರು. ಅಷ್ಟೇ. ಗಿರ್ಮಿಟ್ ಸುದ್ದಿ ಎತ್ತಲೇ ಇಲ್ಲ. ಇನ್ನೊಮ್ಮೆ ಹೀಗಾದರೆ ಎಲ್ಲ ಪತ್ರದ ಕೆಲಸ ಬೆಳಗಾವಿಯ ಏಜೆನ್ಸಿಗೆ, ಎಂದು ಹೇಳಿ ಅಧ್ಯಕ್ಷರು ಹೋದರು.

ಗಿರ್ಮಿಟ್ ಡಬ್ಬಿಯನ್ನು ಅಳಿಸಿದೆ. ಯಂತ್ರ ಹಗುರಾಗಲಿ ಎಂದು.


ಶುಕ್ರವಾರ, 17 ನವೆಂಬರ್

ಪತ್ರ ತೆರೆದರೆ ಪ್ರಶ್ನೆಯೇ ಬರಲಿಲ್ಲ, ಪಟ್ಟಿಯೂ ಬರಲಿಲ್ಲ. ನೋ ಎಂದ ಮೇಲೆ ಬಸವಣ್ಣೆಪ್ಪನವರು ಪತ್ರವನ್ನು ಹಾಗೆಯೇ ಉಳಿಸಿಬಿಟ್ಟಿದ್ದರು, ಕೊಂಡಿಯೇ ಹೋಗಿತ್ತು. ಮಧುವಿಗೆ ಫೋನು ಹಚ್ಚಿ, ಪಟ್ಟಿಯನ್ನು ಮೊದಲಿನಿಂದ ಕೂಡಿಸಿದೆ. ಹೆಸರು ಬಂದವು. ಆದರೆ ತಾರೀಖು ತಿರುಗಿಬಿದ್ದಿತು: 11/25/2006. ಇಪ್ಪತ್ತೈದನೇ ತಿಂಗಳ ಹನ್ನೊಂದಕ್ಕೆ ಶಸ್ತ್ರಚಿಕಿತ್ಸೆ! ಮೊನ್ನೆಯಾಗಿದ್ದರೆ ಇದನ್ನು ಊರಿಗೆಲ್ಲ ತೋರಿಸಿ ನಗುತ್ತಿದ್ದೆ. ಇವತ್ತು ಪಟ್ಟಿಯಲ್ಲಿ ಪ್ರತಿಯೊಬ್ಬರ ತಾರೀಖನ್ನೂ ‘ನವೆಂಬರ್ 25, ಶನಿವಾರ’ ಎಂಬ ಹಾಗೆ ಅಕ್ಷರದಲ್ಲೇ ಟೈಪು ಬಡಿದೆ. ಅಕ್ಷರವನ್ನು ಯಂತ್ರ ತಿರುಗಿಸಲಾರದು.

ಬಡಿಯುತ್ತ ಹೋದಂತೆ ಹೆಸರುಗಳು ಬಾಯಿಪಾಠವಾದವು. ಮುನವಳ್ಳಿಯ ಸತ್ಯಪ್ಪ, ಬಲಗಣ್ಣು. ಕಿತ್ತೂರಿನ ಹತ್ತಿರದ ಕರೆವ್ವ, ಎಡಗಣ್ಣು. ಸಿರಸಂಗಿಯ ಲಗಮವ್ವ. ಫೋನಿನಲ್ಲಿ ನೀಲಪ್ಪ ಹೇಳಿದ ಮುದುಕಿ ಈಕೆಯೇ ಇರಬೇಕು.


ಶನಿವಾರ, 18 ನವೆಂಬರ್

ಸಾರ್ವಭೌಮರೇ, ವಿಜಯಶಾಸನ! ಇಂದು ಸೇವಕನು ಯಂತ್ರದ ಗರ್ಭಗುಡಿಯನ್ನೇ ಹೊಕ್ಕನು. ರಿಜಿಸ್ಟ್ರಿ ಎಂಬ ಆ ಕತ್ತಲೆ ಜಾಗದಲ್ಲಿ ಒಂದು ಹೊಸ ಸಾಲು ಬರೆದು ಸೊನ್ನೆ ಇಟ್ಟರೆ, ಆ ಪ್ರಶ್ನೆ ಮತ್ತೆಂದೂ ಏಳುವುದಿಲ್ಲ ಎಂದು ಮಧು ಹೇಳಿಕೊಟ್ಟಿದ್ದ. ಸೊನ್ನೆ ಇಟ್ಟೆ. ಪ್ರಶ್ನೆ ಸತ್ತಿತು. ‘ಇನ್ನ ಮ್ಯಾಲ ಏನೂ ಕೇಳಂಗಿಲ್ಲ ಕಾಕಾ, ಧೈರ್ಯದಿಂದ ತೆರೀರಿ’ ಎಂದು ಬಸವಣ್ಣೆಪ್ಪನವರಿಗೆ ಘೋಷಿಸಿದೆ. ಕಾಕಾ ಯಂತ್ರದ ತಲೆ ಸವರಿದರು.

ಪತ್ರಗಳು ಹೊಸದಾಗಿ ಬಂದವು. ಆಮೇಲೆ ಸಣ್ಣ ಯುದ್ಧವಾಯಿತು.

‘ಈ ಸಲ ಓದಿ ಹಾಕ್ರಿ ಅವ್ವಾರ. ಬರೇ ಹೆಸರು’ ಎಂದೆ.

‘ಓದಂಗಿಲ್ಲ.’

‘ಸಿದ್ದಲಿಂಗವ್ವಾ, ಹಟಾ ಬ್ಯಾಡಬಾ’ ಎಂದರು ಕಾಕಾ.

ಸಿದ್ದಲಿಂಗವ್ವನವರು ಒಂದು ಪತ್ರವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಆಮೇಲೆ ಒಳಕ್ಕೆ ಮಡಚುತ್ತಿದ್ದುದನ್ನು ಹೊರಕ್ಕೆ ಮಡಚಿದರು. ಹೆಸರಿನ ಸಾಲೊಂದೇ ಮೇಲೆ ಕಾಣುತ್ತಿತ್ತು, ಉಳಿದದ್ದೆಲ್ಲ ಒಳಗೆ. ‘ಹಿಂಗ ಮಾಡತೇನಿ. ಹೆಸರ ಅಂದ್ರ ಬಾಗಲಾ. ಬಾಗಲಾ ನೋಡಿದ್ರ ಇಣಿಕಿದಂಗಲ್ಲ.’

ಕಾಕಾ ಲಕೋಟೆಯ ಹೆಸರು ಓದಿದರು, ನಾನು ಪತ್ರದ ಹೆಸರು ಓದಿದೆ, ಸಿದ್ದಲಿಂಗವ್ವನವರು ‘ಹೂಂ’ ಎಂದು ಒಳಗೆ ಹಾಕಿದರು. ಊಟದ ಹೊತ್ತು ಮೀರಿದ್ದು ಯಾರಿಗೂ ತಿಳಿಯಲಿಲ್ಲ.


ಸೋಮವಾರ, 20 ನವೆಂಬರ್

ಇನ್ನು ಪೋಸ್ಟಿಗೆ ಹಾಕಿದರೆ ಶಿಬಿರ ಮುಗಿದ ಮೇಲೆ ಮುಟ್ಟುತ್ತವೆ. ಆದ್ದರಿಂದ ಊರಿಗೊಂದು ಕಟ್ಟು ಮಾಡಿ ಬಸ್ ಕಂಡಕ್ಟರರ ಕೈಗೆ ಕೊಟ್ಟೆವು. ಆಯಾ ಊರಿನ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಇಳಿಸಿದರೆ, ಅಲ್ಲಿಂದ ಪತ್ರ ತಾನೇ ನಡೆದುಹೋಗುತ್ತದೆ. ‘ಕಣ್ಣಿನ ಪತ್ರ’ ಎಂದರೆ ಸಾಕು, ಒಬ್ಬ ಕಂಡಕ್ಟರನೂ ಇಲ್ಲ ಎನ್ನಲಿಲ್ಲ. ರಾಮದುರ್ಗದ ಕಡೆಯದು ಮಾತ್ರ ನಾನೇ ಒಯ್ದೆ. ಕಚೇರಿಯಲ್ಲಿ ಸೆಕೆ ಇತ್ತು, ಅದಕ್ಕೆ.

ಅದೇ ಕಡೆಯ ಸುರೇಬಾನದಲ್ಲಿ ನೀಲಪ್ಪನ ಮನೆ ಕೇಳಿದರೆ, ‘ಪತ್ರದ ನೀಲಪ್ಪನೇನ್ರಿ?’ ಎಂದು ಮರುಪ್ರಶ್ನೆ. ಹೆಸರು ಬಿದ್ದುಬಿಟ್ಟಿದೆ. ಅರವತ್ತು ದಾಟಿದ, ತೆಳ್ಳನೆಯ ಆಳು. ನನ್ನ ಮುಖವನ್ನು ಬಲಗಣ್ಣಿನಿಂದ ಅಳೆದ.

‘ಫೋನಿನ್ಯಾಗ ಎಡಗಣ್ಣ ಬೇಕೋ ಬಲಗಣ್ಣ ಬೇಕೋ ಅಂದಾಂವ ನೀನ ಏನ?’

‘ನಾನರೀ.’

‘ಕುಂದರಪಾ. ಚಹಾ ಕುಡಿ. ಇಲ್ಲಿಗೆ ಪತ್ರ ತಂದಾವ್ರಿಗೆಲ್ಲ ಚಹಾ ಮಾಡಿ ಮಾಡಿ ನಮ್ಮಾಕಿ ಬಗಾನಿ ತಳ ಸುಟ್ಟೇತಿ.’

ಬಂದ ಲಕೋಟೆಗಳನ್ನೆಲ್ಲ ಅವನು ಸಕ್ಕರೆ ಚೀಲದಲ್ಲಿ ಇಟ್ಟಿದ್ದ. ಯಾರು ಯಾವ ಊರು, ಯಾವ ಕಣ್ಣು, ಮನೆಯಲ್ಲಿ ಯಾರಿದ್ದಾರೆ, ಎಲ್ಲ ಅವನ ನಾಲಿಗೆಯ ಮೇಲಿತ್ತು.

‘ಒಂದ ಚಿಂತಿ ಐತಿ ನೋಡ. ಆ ಸಿರಸಂಗಿ ಲಗಮವ್ವ. ಪತ್ರ ಕೊಟ್ಟು ಹೋಗೂ ಮುಂದ, ನಿನಗ ಬಂತಲ್ಲಪಾ, ನನಗ ಬರಂಗಿಲ್ಲ ಅಂದ್ಲು. ಡಾಕ್ಟರು ನಾಪಾಸ್ ಮಾಡ್ಯಾರ ಅಂತ ತಿಳಕೊಂಡಾಳ. ನೀ ಚಹಾದಂಗಡ್ಯಾಗ ಇಟ್ರ ಆಕಿ ನಂಬಂಗಿಲ್ಲ. ಕೈಯಾಗ ಕೊಡ ಹೋಗ.’


ಮಂಗಳವಾರ, 21 ನವೆಂಬರ್

ಸಿರಸಂಗಿ. ಲಗಮವ್ವ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೌದಿ ಹರಡಿಕೊಂಡು ಸುಮ್ಮನೆ ಕುಳಿತಿದ್ದಳು. ಪಕ್ಕದಲ್ಲಿ ಒಂದು ಬಟ್ಟೆಯ ಉಂಡೆ, ಅದರಲ್ಲಿ ಸಾಲಾಗಿ ಚುಚ್ಚಿದ ಸೂಜಿಗಳು, ಯಾವುದಕ್ಕೂ ದಾರವಿಲ್ಲ. ಸೊಸೆ ಹೊಲಕ್ಕೆ ಹೋಗುವ ಮುಂಚೆ ಎಲ್ಲಕ್ಕೂ ದಾರ ಪೋಣಿಸಿಟ್ಟು ಹೋಗುತ್ತಾಳಂತೆ. ದಾರ ತೀರಿದ ಮೇಲೆ ಆಕೆ ತಿರುಗಿ ಬರುವ ತನಕ ಹೀಗೇ ಕೂಡುವುದು. ಹೊಲಿಗೆ ಕೈಯಿಂದ ತಿಳಿಯುತ್ತದೆ, ಸೂಜಿಯ ಕಣ್ಣು ತಿಳಿಯುವುದಿಲ್ಲ.

ನಾನು ಬಂದ ಕಾರಣ ಹೇಳಿದೆ.

‘ನನ್ನ ಹೆಸರ ಬಂದಿಲ್ಲ ತಮ್ಮಾ.’

‘ಬಂದೈತಿಬೇ. ನೋಡಿಲ್ಲೆ, ಮ್ಯಾಲನ ಐತಿ.’

‘ಇದೂ ನೀಲಪ್ಪಂದ ಇರಬೇಕು. ಆ ಪುಣ್ಯಾತ್ಮಗ ಎಷ್ಟರ ಪತ್ರ ಬರತಾವ.’

ಓದಿ ಹೇಳಿದೆ. ‘ಶ್ರೀಮತಿ ಲಗಮವ್ವ, ಸಿರಸಂಗಿ. ಬಲಗಣ್ಣು. ನವೆಂಬರ್ 26, ರವಿವಾರ.’ ಇನ್ನೊಮ್ಮೆ ಓದಿಸಿದಳು. ಮತ್ತೊಮ್ಮೆ. ಆಮೇಲೆ ಹೆಸರಿನ ಮೇಲೆ ಬೆರಳಾಡಿಸಿ, ‘ಮತ್ತ ಮೊದಲ ಯಾಕ ಹಂಗ ಬಂತು?’ ಎಂದಳು.

‘ಕಂಪ್ಯೂಟರಿಗೆ ಗೊಂದಲಾಗಿತ್ತಬೇ.’

‘ಅದಕ್ಕೂ ಪೊರಿ ಬಂದಿತ್ತೇನು?’

ಪತ್ರದ ಸುದ್ದಿ ಕೇಳಿ ಕಟ್ಟೆಗೆ ಸೇರಿದ್ದ ನೆರೆಯವರೆಲ್ಲ ನಕ್ಕರು. ಬಸ್ಸಿಗೆ ಹೊತ್ತಿತ್ತು, ಸುಮ್ಮನೆ ಕುಳಿತು ಏನು ಮಾಡುವುದೆಂದು ಸೂಜಿಗಳಿಗೆ ದಾರ ಪೋಣಿಸಿದೆ. ಎಲ್ಲ ಆಗುವಷ್ಟರಲ್ಲಿ ಬಸ್ಸು ಹೋಗಿತ್ತು.


ಗುರುವಾರ, 23 ನವೆಂಬರ್

ನಮ್ಮ ಓಣಿಯಲ್ಲಿ ನಲ್ಲಿ ನೀರು ಬೇಗ ಬರುತ್ತದೆ, ನಿದ್ದೆ ಹರಿಯುತ್ತದೆ. ಹಾಗಾಗಿ ಈಚೆಗೆ ಕಾಕಾನಿಗಿಂತ ಮುಂಚೆಯೇ ಕಚೇರಿಯಲ್ಲಿರುತ್ತೇನೆ. ಸಿದ್ದಲಿಂಗವ್ವನವರು, ‘ಏನಪಾ, ಮನ್ಯಾಗ ಹೊರಗ ಹಾಕಿದ್ರೇನು?’ ಎನ್ನುತ್ತಾರೆ. ಚಹಾ ಕೊಡುತ್ತಾರೆ.


ರವಿವಾರ, 26 ನವೆಂಬರ್. ಸವದತ್ತಿ

ಬಂದಿದ್ದಾರೆ. ನಿನ್ನೆಯವರು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಸಾಲಿಯ ಬೆಂಚಿನ ಮೇಲೆ ಮಕ್ಕಳಂತೆ ಕುಳಿತಿದ್ದಾರೆ. ಇವತ್ತಿನವರು ಹೆಸರು ಹೊರಗೆ ಕಾಣುವಂತೆ ಪತ್ರ ಹಿಡಿದು ನಿಂತಿದ್ದಾರೆ. ನೀಲಪ್ಪನ ಕಣ್ಣು ನಿನ್ನೆಯೇ ಆಯಿತು. ಆದರೂ ವಾರ್ಡು ಬಿಟ್ಟು ವರಾಂಡಕ್ಕೆ ಬಂದು, ‘ಏ ಸತ್ಯಪ್ಪಾ, ನಿಂದ ನಾಳೆ ಐತೆಲೋ, ಇವತ್ಯಾಕ ಬಂದಿ?’ ಎಂದು ಒಂದೇ ಕಣ್ಣಿನಿಂದ ಆಡಳಿತ ನಡೆಸಿದ್ದಾನೆ. ಎಲ್ಲರೂ ಅವನಿಗೆ ಗೊತ್ತು. ಅರ್ಧದಷ್ಟು ಜನ ಅವನ ಮನೆಯ ಚಹಾ ಕುಡಿದವರು.

ಲಗಮವ್ವನನ್ನು ಒಳಗೆ ಕರೆದರು. ಪತ್ರವನ್ನು ನರ್ಸಿಗೆ ಕೊಡಲೊಲ್ಲಳು. ‘ಇದು ನನ್ನ ಹೆಸರಿಂದೈತಿ, ನನ್ನ ಕಡೇನ ಇರಲಿ’ ಎಂದಳು.

ಕರೆವ್ವ ಬಂದಿಲ್ಲ. ಮಗಳ ಊರಿಗೆ ಹೋಗಿದ್ದಾಳಂತೆ. ಪತ್ರ ಬಾಗಿಲಲ್ಲೇ ಇದೆಯಂತೆ. ಮೊದಲನೆಯದು ಸರಿ ಇದ್ದಿದ್ದರೆ, ಊರು ಬಿಡುವ ಮುಂಚೆಯೇ ಆಕೆಗೆ ಸಿಗುತ್ತಿತ್ತು.


ಗುರುವಾರ, 30 ನವೆಂಬರ್

ಶಿಬಿರ ಮುಗಿಯಿತು. ಇಂದು ಅಧ್ಯಕ್ಷರು ಪೇಢೆ ಹಂಚಿದರು. ಏಜೆನ್ಸಿಯ ಮಾತು ಎತ್ತಲಿಲ್ಲ. ಡಾಕ್ಟರಿಗೆ ಹೇಳಿ, ಉಳಿದವರಿಗಾಗಿ ಜನವರಿಯಲ್ಲಿ ಕಿತ್ತೂರಿನಲ್ಲಿ ಒಂದು ದಿನದ ಸಣ್ಣ ಶಿಬಿರ ಒಪ್ಪಿಸಿದ್ದಾರೆ. ಹೊಸ ಪಟ್ಟಿಯಲ್ಲಿ ಕರೆವ್ವನ ಹೆಸರನ್ನು ಮೊದಲು ಹಾಕಿದೆ.

ಬೆಳಗಾವಿಯ ಗೆಳೆಯ ಫೋನು ಮಾಡಿದ್ದ. ಗಂಟಲು ನೋವು, ಈಗ ಬರಲಾಗದು ಎಂದೆ. ಗಾಜಿನ ಕೌಂಟರು ಎಲ್ಲಿಗೂ ಓಡಿಹೋಗುವುದಿಲ್ಲ.

ಹೊರಡುವಾಗ ಕಾಕಾ, ‘ಆ ಪ್ರಶ್ನಿ ಕೊಂದ್ಯಲ್ಲ, ಭಾಳ ಚಲೋ ಆತು ನೋಡ ಸಂಜೂ. ಈಗ ನಾ ಆರಾಮ ಪತ್ರ ತೆರೀತೇನಿ, ಏನೂ ಕೇಳಂಗಿಲ್ಲ’ ಎಂದರು.

ಸಾರ್ವಭೌಮರೇ, ತಮ್ಮಲ್ಲೊಂದು ಸಣ್ಣ ಅರಿಕೆ. ಹದಿನೆಂಟನೇ ತಾರೀಖಿನ ವಿಜಯಶಾಸನ ಸುಳ್ಳು. ಗರ್ಭಗುಡಿಯ ಬಾಗಿಲ ತನಕ ಹೋದೆ. ಇಲ್ಲಿ ತಪ್ಪಿದರೆ ಯಂತ್ರವೇ ಕೆಟ್ಟೀತು ಎಂದು ಮಧು ಹೇಳಿದ್ದು ನೆನಪಾಯಿತು. ಏನನ್ನೂ ಮುಟ್ಟದೆ ಮುಚ್ಚಿಬಿಟ್ಟೆ. ಆ ಪ್ರಶ್ನೆ ಈಗಲೂ ದಿನಾ ಬರುತ್ತದೆ. ಕಾಕಾ ಬರುವ ಮುಂಚೆ ನಾನು ಹೋಗಿ, ಪತ್ರ ತೆರೆದು, ಪ್ರಶ್ನೆಯನ್ನು ಪೂರ್ತಿ ಓದಿ, ಯೆಸ್ ಒತ್ತಿ, ಹಾಗೆಯೇ ತೆರೆದಿಟ್ಟು ಮೂಲೆಯಲ್ಲಿ ಕೂಡುತ್ತೇನೆ.

ನಮ್ಮ ಓಣಿಯ ನಲ್ಲಿಗೆ ಇಂದಿಗೂ ನೀರು ಬರುವುದು ಹತ್ತು ಗಂಟೆಗೇ.